ಸಂಚಿಯೊಳಗೆ ಹೋದ ಗುಳಿಗೆಗಳು

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಕೊನೆಗೆ ಹೇಳಿದರೆ ಸಮಜಾಯಿಷಿ ಕೊಟ್ಟಂತಾಗುತ್ತದೆ. ನನ್ನ ಮೊಮ್ಮಗಳು ಐದು ತಿಂಗಳ ಬಸುರಿ ಇದ್ದಾಗ ನಾನು ಅವಳ ಗಂಡನ ಮನೆಗೆ ಹೋಗಿ, ಅವಳು ದಿನಾ ನುಂಗುವ ಗುಳಿಗೆಗಳನ್ನು ಅವಳ ಕೈಯಿಂದಲೇ ಇಸಿದುಕೊಂಡು, ನನ್ನ ಎಲೆ-ಅಡಿಕೆ ಸಂಚಿಯಲ್ಲಿ ಹಾಕಿಕೊಂಡು ಊರಿಗೆ ಬಂದೆ. ಕೂಸು ಉಳಿಯಲಿ ಎಂದು ತಂದೆ. ಆ ಕೂಸೇ ಹೋಗಿಬಿಡುತ್ತದೇನೋ ಎನ್ನುವ ಮಟ್ಟಕ್ಕೆ ಬಂತು.

ನಾನು ಹುಟ್ಟಿದ್ದು ಯಲಬುರ್ಗಾ ಕಡೆಯ ಎರೆಹೊಲದ ಊರಿನಲ್ಲಿ. ಶಾಲೆ ನಾಲ್ಕನೇ ಇಯತ್ತೆಗೆ ಮುಗಿಯಿತು. ಮದುವೆ ಮಾಡಿ ಕೊಟ್ಟಿದ್ದು ಗಂಗಾವತಿ ಹತ್ತಿರದ ಮರಳಿ ಎಂಬ ಊರಿಗೆ. ಇಲ್ಲಿ ಕಾಲುವೆ ನೀರು, ಎಲ್ಲಿ ನೋಡಿದರೂ ಭತ್ತ, ಮೂರು ಹೊತ್ತೂ ಅನ್ನ. ನಾನು ಮಾತ್ರ ರೊಟ್ಟಿ ಬಿಡಲಿಲ್ಲ. ಅನ್ನದ ಮೈ ನೀರಿನ ಮೈ, ರೊಟ್ಟಿಯ ಮೈ ಕಲ್ಲಿನ ಮೈ ಎಂದು ಮನೆಯವರಿಗೆಲ್ಲ ಹೇಳಿ ಹೇಳಿ ಬಡಿದು ತಿನ್ನಿಸಿದವಳು.

ಮೊಮ್ಮಗಳು ನನ್ನ ಮಗನ ಮಗಳು. ನಮ್ಮ ಕಡೆ ತಾಯಿಗೆ ಅವ್ವ, ಅಜ್ಜಿಗೆ ಅಮ್ಮ ಎನ್ನುತ್ತಾರೆ. ಹಾಗಾಗಿ ಅವಳಿಗೆ ನಾನು ಅಮ್ಮ. ಡಿಗ್ರಿ ಓದಲು ದಿನಾ ಬಸ್ಸಿನಲ್ಲಿ ಗಂಗಾವತಿಗೆ ಹೋಗಿ ಬರುತ್ತಿದ್ದಳು. ಎರಡನೆಯ ವರ್ಷಕ್ಕೆ ಬಂದಾಗ ಸೊರಗತೊಡಗಿದಳು. ಮೊದಲು ಬಳೆ ಸಡಿಲಾಗಿ ಮೊಣಕೈತನಕ ಏರಿದವು. ಬಾಯಿ ತುಂಬ ಹುಣ್ಣು. ಉಂಡ ತಾಟು ತೊಳೆಯುವುದರೊಳಗೆ ಪಾಯಖಾನೆಗೆ ಓಟ. ಕಾಲೇಜಿನ ಹತ್ತಿರ ಗೋಬಿ, ಪಾನಿಪುರಿ ತಿನ್ನುತ್ತಾಳೆ, ಅದಕ್ಕೇ ಹೀಗೆ ಎಂದು ನಾನು ತೀರ್ಮಾನ ಮಾಡಿದೆ. ದಿನಾ ಎದುರಿಗೆ ಕೂಡಿಸಿಕೊಂಡು ಸಜ್ಜೆ ರೊಟ್ಟಿ, ಹಸಿ ಮೆಂತ್ಯದ ಸೊಪ್ಪು, ಹಸಿ ಉಳ್ಳಾಗಡ್ಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿ ಹಾಕಿ ತಿನ್ನಿಸಿದೆ.

"ಅಮ್ಮಾ, ಹೊಟ್ಟ್ಯಾಗ ಕತ್ತರಿ ಆಡಿಸಿದಂಗ ಆಗಾಕತ್ತೈತಿ. ಒಂದೀಟು ಅನ್ನ ಹಾಕ."

"ಅನ್ನ ಉಂಡ ಹಿಂಗಾಗೀದಿ. ಎರಡ ರೊಟ್ಟಿ ಒಳಗ ಹೋದ್ರ ಕರುಳು ಗಟ್ಟಿ ಆಗ್ತಾವ. ತಿನ್ನು, ನಾಟಕ ಸಾಕು."

ಅವಳು ತಿಂದಳು. ನಾನು ಹೇಳಿದ್ದಕ್ಕೆ ಇಲ್ಲ ಎಂದು ನಮ್ಮ ಮನೆಯಲ್ಲಿ ಯಾರೂ ಹೇಳುವುದಿಲ್ಲ, ಅದು ನನ್ನ ಹೆಮ್ಮೆ. ತಿಂದ ಮೇಲೆ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು ಎಂಬುದು ನನಗೆ ಆಮೇಲೆ ಗೊತ್ತಾಯಿತು.

ನಮ್ಮ ಮನೆಯಲ್ಲಿ ಹೊರಗಾದವರು ಮೂರು ದಿನ ದೇವರ ಕೋಣೆಗೂ ಒಲೆಯ ಹತ್ತಿರಕ್ಕೂ ಹೋಗುವುದಿಲ್ಲ. ಯಾರು ಯಾವಾಗ ಹೊರಗಾದರು ಎಂಬುದು ಗೋಡೆಯ ಕ್ಯಾಲೆಂಡರಿಗಿಂತ ನನಗೆ ಚೆನ್ನಾಗಿ ಗೊತ್ತಿರುತ್ತದೆ. ಮೂರು ತಿಂಗಳಾಯಿತು, ಮೊಮ್ಮಗಳು ಹೊರಗಾಗಲಿಲ್ಲ. ಆದರೆ ಬಚ್ಚಲ ಹಿಂದಿನ ಕಸದ ಡಬ್ಬಿಯಲ್ಲಿ ಪೇಪರು ಸುತ್ತಿದ ಪ್ಯಾಡುಗಳು ಬೀಳುತ್ತಲೇ ಇದ್ದವು. ಸೊಸೆ, ಅಂದರೆ ಅವಳ ಅವ್ವ, ಹಿತ್ತಲಲ್ಲಿ ನನ್ನ ಹತ್ತಿರ ಬಂದು ನಿಂತಳು.

"ಅತ್ತಿ, ಹುಡುಗಿ ಏನರ ಎಡವಟ್ಟ ಮಾಡಿಕೊಂಡಾಳೇನ್ರಿ?"

"ಎಡವಟ್ಟಾದವರು ಪ್ಯಾಡ್ ಯಾಕ ಹಚ್ತಾರ? ನೀ ಸುಮ್ನಿರು. ನಾ ಕೇಳ್ತೀನಿ."

ಹೀಗೆ ಹೇಳಿದೆನೇ ಹೊರತು ನನಗೂ ಅದೇ ಅನುಮಾನ. ಮೊಮ್ಮಗಳನ್ನು ಬಚ್ಚಲಿಗೆ ಕರೆದು ಬಾಗಿಲು ಹಾಕಿದೆ. ಸುತ್ತುಬಳಸಿ ಮಾತಾಡುವುದು ನನಗೆ ಬರುವುದಿಲ್ಲ, ನೇರ ಕೇಳಿದೆ.

"ಯಾರದು?"

ಅವಳಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ನಕ್ಕಳು. ನಗುತ್ತಲೇ ಅತ್ತಳು. "ಬಸುರಾಗಾಕ ನನ್ನ ಮೈಯಾಗ ಏನ ಉಳದೈತಿ ಅಮ್ಮಾ? ನೋಡಿಲ್ಲೆ."

ತೋರಿಸಿದಳು. ಮಲದ್ವಾರದ ಪಕ್ಕದಲ್ಲಿ ಕುರುವಿನಂಥದ್ದು, ಅದರಲ್ಲಿ ಸಣ್ಣ ತೂತು, ಅದರಿಂದ ಕೀವು. ಅದು ಬಟ್ಟೆಗೆ ಹತ್ತದಿರಲಿ ಎಂದು ಪ್ಯಾಡು. ಆರು ತಿಂಗಳಿಂದ ಹಾಗೇ ಇಟ್ಟುಕೊಂಡಿದ್ದಳು. ಬಸ್ಸಿನಲ್ಲಿ ಸೀಟು ಸಿಕ್ಕರೂ ನಿಂತುಕೊಂಡೇ ಹೋಗುತ್ತಿದ್ದಳು. ಕ್ಲಾಸಿನಲ್ಲಿ ಒಂದು ಪಕ್ಕಕ್ಕೆ ಭಾರ ಹಾಕಿ ಕೂರುತ್ತಿದ್ದಳು. ಮುಟ್ಟು ನಿಂತಿದ್ದಕ್ಕೆ ಕಾರಣ ಬೇರೆ ಏನೂ ಅಲ್ಲ, ಮೈಯಲ್ಲಿ ರಕ್ತವೇ ಇರಲಿಲ್ಲ.

"ನನಗ ಯಾಕ ಹೇಳಲಿಲ್ಲ?"

"ಅಂಥಾ ಜಾಗ ಯಾರಿಗೆ ತೋರಿಸ್ಲಿ? ನಾಚಿಕಿ ಬಂತು."

"ತೋರಸಾಕ ನಾಚಿಕಿ, ಸಾಯಾಕ ನಾಚಿಕಿಲ್ಲೇನು?" ಎಂದು ಬೈದೆ. ಬೈಯುತ್ತಲೇ ಬಿಸಿನೀರಿಗೆ ಉಪ್ಪು ಹಾಕಿ ಕೂಡಿಸಿದೆ. ಮರುದಿನ ಕೊಪ್ಪಳಕ್ಕೆ ಕರೆದುಕೊಂಡು ಹೋದೆ. ಹೆಣ್ಣುಮಕ್ಕಳ ಡಾಕ್ಟರಮ್ಮನ ಹತ್ತಿರವೇ ಹೋಗಬೇಕೆಂದು ಅವಳು ಹಟ ಹಿಡಿದಳು, ಗಂಡಸರಿಗೆ ತೋರಿಸುವುದಿಲ್ಲ ಎಂದು. ಅದೇ ಒಳ್ಳೆಯದಾಯಿತು. ಡಾಕ್ಟರಮ್ಮ ಪರೀಕ್ಷೆ ಮಾಡಿ, ರಕ್ತ ತೆಗೆಸಿ, ಕೈ ತೊಳೆದುಕೊಂಡು ಬಂದು ನನ್ನ ಕಡೆ ತಿರುಗಿದರು.

"ಇದು ಬರೇ ಕುರುವಲ್ಲಮ್ಮ. ಒಳಗ ಕರುಳಿನಾಗ ಏನೋ ಐತಿ. ಹೆಣ್ಣುಮಕ್ಕಳು ಹೊಟ್ಟಿನೋವು ಅಂದ್ರ ಎಲ್ಲಾರೂ ಮುಟ್ಟಿನ ನೋವು ಅಂತಾರ. ಅವ್ರೂ ಹಂಗ ಅಂದ್ಕೊಂಡು ಹಲ್ಲು ಕಚ್ಚಿಕೊಂಡು ಇರತಾರ. ತಡಾ ಆಗೂದ ಹಿಂಗ."

ಅಲ್ಲಿಂದ ಹುಬ್ಬಳ್ಳಿ. ಕರುಳಿನೊಳಗೆ ನಳಿಗೆ ಬಿಟ್ಟು ನೋಡಿದರು. ಕ್ಷಯವೋ ಇನ್ನೊಂದೋ ಎಂದು ಮೊದಲು ಗೊತ್ತಾಗುವುದು ಕಷ್ಟ, ಎರಡೂ ಒಂದೇ ಥರ ಕಾಣುತ್ತವೆ ಎಂದು ಮೊದಲು ಕ್ಷಯದ ಗುಳಿಗೆ ಕೊಟ್ಟರು. ಕೆಲವು ತಿಂಗಳು ನುಂಗಿದಳು, ಇಳಿಯಲಿಲ್ಲ. ಮತ್ತೊಮ್ಮೆ ನಳಿಗೆ. ಆಗ ಹೆಸರು ಹೇಳಿದರು: ಕ್ರೋನ್ಸ್ ಕಾಯಿಲೆ. ಆ ಹೆಸರು ನನ್ನ ನಾಲಿಗೆಗೆ ಹೊರಳಲು ಒಂದು ತಿಂಗಳು ಬೇಕಾಯಿತು. ಮೈಯನ್ನು ಕಾಯಬೇಕಾದ ಶಕ್ತಿಯೇ ಕರುಳಿನ ಮೇಲೆ ಬಿದ್ದು ಹುಣ್ಣು ಮಾಡುತ್ತದೆ, ಪೂರ್ತಿ ಹೋಗುವುದಿಲ್ಲ, ಆದರೆ ಔಷಧದಿಂದ ಮಲಗಿಸಿ ಇಡಬಹುದು ಎಂದು ಕರುಳಿನ ಡಾಕ್ಟರು ಬಿಡಿಸಿ ಹೇಳಿದರು.

"ಬೇಲಿನ ಎದ್ದು ಹೊಲ ಮೇಯ್ದಂಗ ಆತಲ್ರಿ," ಎಂದೆ.

ಅವರು ಪೆನ್ನು ಕೆಳಗಿಟ್ಟು ನಕ್ಕರು. "ಅಷ್ಟ ನೋಡ್ರಿ. ನಾ ಅರ್ಧಾ ತಾಸು ಹೇಳಿದ್ದು ನೀವು ಒಂದ ಮಾತಿನಾಗ ಹೇಳಿದ್ರಿ."

ಕುರುವಿನ ತೂತಿಗೆ ಸಣ್ಣ ಆಪರೇಷನ್ ಮಾಡಿ ದಾರ ಹಾಕಿದರು, ಕೀವು ನಿಂತಿತು. ದಿನಕ್ಕೊಂದು ಹಳದಿ ಗುಳಿಗೆ, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಈ ಬ್ಯಾನಿ, ಅಂದರೆ ಬೇನೆ, ಎದ್ದ ದಿನಗಳಲ್ಲಿ ಹಸಿ ಸೊಪ್ಪು, ಕಾಳು, ಖಾರ, ಒರಟು ರೊಟ್ಟಿ ಬೇಡ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಚೀಟಿಯಲ್ಲಿದ್ದದ್ದೆಲ್ಲ ನಾನು ಎದುರಿಗೆ ಕೂತು ತಿನ್ನಿಸಿದ್ದೇ. ಬಸ್ಸಿನಲ್ಲಿ ಅದನ್ನು ಎರಡು ಸಲ ಓದಿದೆ. ಮನೆಗೆ ಬಂದು ಅವಳಿಗಾಗಿ ಅಕ್ಕಿ ತೊಳೆದು ನೀರು ಹೆಚ್ಚಿಗೆ ಹಾಕಿ ಮೆತ್ತಗೆ ಬೇಯಿಸಿದೆ. ಸೊಸೆ ನೋಡಿ ನೋಡದಂತೆ ಹೋದಳು. ಅವಳು ಒಳ್ಳೆಯವಳು, ಬೇರೆಯವಳಾಗಿದ್ದರೆ ಒಂದು ಮಾತು ಆಡದೆ ಬಿಡುತ್ತಿರಲಿಲ್ಲ.

ಮೈಗೆ ಮಾಂಸ ಬಂತು. ಒಂದು ಬೆಳಿಗ್ಗೆ ಅವಳು ಅಡುಗೆ ಮನೆಯ ಹೊಸ್ತಿಲಲ್ಲಿ ನಿಂತು, "ಅಮ್ಮಾ, ಹೊರಗಾಗೀನಿ," ಎಂದಳು. ಮನೆಯಲ್ಲಿ ಒಬ್ಬಳು ಹೊರಗಾದಳೆಂದು ನಾನು ಖುಷಿಪಟ್ಟಿದ್ದು ಅದೇ ಮೊದಲು. "ಹೊರಗ ಯಾಕ ನಿಂತಿ, ಒಳಗ ಬಾ," ಎಂದೆ. ಮುಟ್ಟಿನ ದಿನಗಳಲ್ಲಿ ಅವಳ ಹೊಟ್ಟೆನೋವು, ಭೇದಿ ಎರಡೂ ಜಾಸ್ತಿ. ಅಂಥ ದಿನ ಅವಳನ್ನು ಮೂಲೆಯಲ್ಲಿ ಕೂಡಿಸಿ ಯಾವ ದೇವರನ್ನು ಸಂತೋಷಪಡಿಸಬೇಕಿತ್ತು? ಅಂದಿನಿಂದ ನಮ್ಮ ಮನೆಯಲ್ಲಿ ಆ ಮೂರು ದಿನದ ಪದ್ಧತಿ ಹೋಯಿತು. ಹೋಗಲಿ ಬಿಡಿ.

ಸಂಬಂಧ ಬಂದಾಗ ನನ್ನ ಮಗ ಬ್ಯಾನಿಯ ವಿಷಯ ಈಗಲೇ ಬೇಡ ಎಂದ. ನಾನು ಕೇಳಲಿಲ್ಲ. ಮುನಿರಾಬಾದಿನ ಡ್ಯಾಂ ಕಾಲೊನಿಯಿಂದ ಗಂಡಿನ ಕಡೆಯವರು ಬಂದಿದ್ದರು. ಹುಡುಗನಿಗೆ ನೀರಾವರಿ ಕಚೇರಿಯಲ್ಲಿ ಕೆಲಸ. ಚಹಾ ಕೊಟ್ಟ ಮೇಲೆ ಹೇಳಿದೆ. "ನಮ್ಮ ಹುಡುಗಿಗೆ ಕರುಳಿನ ಬ್ಯಾನಿ ಐತಿ. ಗುಳಿಗಿ ತಗೊಂಡ್ರ ಛಲೋ ಇರ್ತಾಳ. ಬಿಟ್ರ ಇರೂದಿಲ್ಲ. ಒಪ್ಪಿಗಿ ಇದ್ರ ಮುಂದ ಮಾತಾಡೋಣು, ಇಲ್ಲಾಂದ್ರ ಚಹಾ ಕುಡದು ಹೋಗ್ರಿ, ಸಿಟ್ಟಿಲ್ಲ."

ಹುಡುಗನ ತಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನನಗ ಶುಗರ್ ಐತಿ ಅಮ್ಮಾರ. ನಾನೂ ದಿನಾ ನುಂಗ್ತೀನಿ. ಅದಕ್ಕ ನನ್ನ ಯಾರೂ ಮನಿ ಬಿಟ್ಟು ಹೊರಗ ಹಾಕಿಲ್ಲ."

ಅಂಥವರು ನನ್ನ ಬೀಗತಿ. ಅವರಿಗೆ ಗುಳಿಗೆಯ ಬೆಲೆ ಗೊತ್ತಿತ್ತು. ಗುಳಿಗೆ ಬಿಟ್ಟರೆ ಚೆನ್ನಾಗಿರುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ ನಾನೇ ಅದನ್ನು ಮರೆತೆ.

ಮದುವೆಯಾಗಿ ಬ್ಯಾನಿ ಒಂದು ವರ್ಷ ಪೂರ್ತಿ ಮಲಗಿದ ಮೇಲೆ, ಡಾಕ್ಟರು ಈಗ ಆಗಬಹುದು ಎಂದ ಮೇಲೆಯೇ, ಅವಳು ಬಸುರಿಯಾದಳು. ಐದನೆಯ ತಿಂಗಳಲ್ಲಿ ಕಳ್ಳ ಕುಬಸ. ಇದು ನಮ್ಮ ಕಡೆಯ ಪದ್ಧತಿ. ಊರಿಗೆಲ್ಲ ಡಂಗುರ ಆಗುವ ದೊಡ್ಡ ಕುಬಸ, ಅಂದರೆ ಸೀಮಂತ, ಏಳನೆಯ ತಿಂಗಳಲ್ಲಿ. ಅದಕ್ಕಿಂತ ಮೊದಲು ತವರಿನವರು ಗದ್ದಲವಿಲ್ಲದೆ ಬುತ್ತಿ ಕಟ್ಟಿಕೊಂಡು ಹೋಗಿ, ಹಸಿರು ಕುಬಸದ ಕಣ, ಅಂದರೆ ರವಿಕೆ ಬಟ್ಟೆ ಕೊಟ್ಟು, ಬಸುರಿಗೆ ಉಣ್ಣಿಸಿ ಬರುವುದು. ಸೊಸೆಗೆ ಜ್ವರ. ಹಾಗಾಗಿ ನಾನೊಬ್ಬಳೇ ಬುತ್ತಿ ಗಂಟು ಹೊತ್ತು, ಗಂಗಾವತಿಯಲ್ಲಿ ಬಸ್ಸು ಬದಲಿಸಿ ಮುನಿರಾಬಾದಿಗೆ ಹೋದೆ.

ಬೀಗತಿ ಅಡುಗೆ ಮನೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದರು. ಮೊಮ್ಮಗಳು ಒಳಕೋಣೆಯಲ್ಲಿ ನೀರಿನ ಲೋಟ ಹಿಡಿದು ಆ ಹಳದಿ ಗುಳಿಗೆ ಬಾಯಿಗೆ ಹಾಕಿಕೊಳ್ಳುವುದನ್ನು ಕಂಡೆ.

"ಇನ್ನೂ ನುಂಗತೀ? ಹೊಟ್ಟ್ಯಾಗ ಕೂಸು ಐತಿ, ಗೊತ್ತಿಲ್ಲೇನು?"

"ಹುಬ್ಬಳ್ಳಿ ಡಾಕ್ಟರು ಬಿಡಬ್ಯಾಡ ಅಂದಾರ ಅಮ್ಮಾ."

"ಡಾಕ್ಟರು ಹಡದಾರೇನು? ಗಂಡಸು ಅವ. ನೀ ನುಂಗಿದ್ದು ಕೂಸಿಗೆ ಹೋಗೂದಿಲ್ಲ? ಒಂದು ಗುಳಿಗಿ ದಿನಾ, ಐದು ತಿಂಗಳು! ಕೂಸಿನ ಕೈಯೋ ಕಾಲೋ ಏನರ ಆದ್ರ?"

ಅವಳಿಗೂ ಒಳಗೆ ಹೆದರಿಕೆ ಇತ್ತು. ಗುಳಿಗೆ ಡಬ್ಬಿಯೊಳಗಿನ ಸಣ್ಣ ಅಕ್ಷರದ ಚೀಟಿಯನ್ನು ಓದಿ ಓದಿ ಮಡಿಕೆ ಹರಿದುಹೋಗಿತ್ತು. ಹೆದರಿದವರಿಗೆ ಒಂದು ಮಾತು ಸಾಕು. "ಈಗ ಛಲೋ ಅದೀಯಲ್ಲ? ಹಡಿಯೂ ತನಕ ಬಿಡು. ಹಡದ ಮ್ಯಾಲ ಎಷ್ಟ ಬೇಕಾದಷ್ಟು ನುಂಗು," ಎಂದು ಕೈ ಚಾಚಿದೆ. ಗುಳಿಗೆಯ ಹಾಳೆಗಳನ್ನು ತಂದು ನನ್ನ ಕೈಯಲ್ಲಿಟ್ಟಳು. ಸಂಚಿ ಬಿಚ್ಚಿ ಎಲೆಯ ಪಕ್ಕದಲ್ಲಿ, ಸುಣ್ಣದ ಡಬ್ಬಿಯ ಹಿಂದೆ ತುರುಕಿದೆ. ಹೊರಗೆ ಬಂದು ಬೀಗತಿ ಮಾಡಿದ ಹೋಳಿಗೆ ಎರಡು ಉಂಡು, ಚೆನ್ನಾಗಿದೆ ಎಂದೂ ಹೇಳಿದೆ.

ನನಗೆ ಯಾಕೆ ಅಷ್ಟು ಹೆದರಿಕೆ ಎಂಬುದನ್ನೂ ಹೇಳಬೇಕು. ನನಗೊಬ್ಬಳು ಅಕ್ಕ ಇದ್ದಳು. ಕುಷ್ಟಗಿ ಕಡೆ ಕೊಟ್ಟಿದ್ದರು. ಅವಳಿಗೂ ಭೇದಿ, ಅವಳೂ ಸೊರಗಿದಳು, ಅವಳಿಗೂ ಮುಟ್ಟು ನಿಂತಿತು. ಮೂರು ವರ್ಷ ನೋಡಿ ಬಂಜೆ ಎಂದು ಹೆಸರಿಟ್ಟು ಗಂಡನ ಮನೆಯವರು ಗಾಡಿಯಲ್ಲಿ ತಂದು ಬಿಟ್ಟು ಹೋದರು. ಗಟ್ಟಿ ತಿಂದರೆ ಗಟ್ಟಿಯಾಗುತ್ತಾಳೆ ಎಂದು ನಮ್ಮವ್ವ ಅವಳಿಗೆ ರೊಟ್ಟಿ ತಿನ್ನಿಸಿದಳು, ತಾಯತ ಕಟ್ಟಿಸಿದಳು. ಒಂದು ಮಳೆಗಾಲ ದಾಟಲಿಲ್ಲ. ಅವಳಿಗೆ ಇದೇ ಬ್ಯಾನಿ ಇತ್ತೋ, ಕ್ಷಯವಿತ್ತೋ, ಯಾರೂ ನೋಡಲಿಲ್ಲ, ನನಗೂ ಗೊತ್ತಿಲ್ಲ. ಸಾಯುವ ಹಿಂದಿನ ವಾರ ನನ್ನ ಹತ್ತಿರ, "ಒಂದ ಕೂಸು ಆಗಿದ್ರ ನನ್ನ ಇಟ್ಕೊಂತಿದ್ರು," ಎಂದಿದ್ದಳು. ಮೊಮ್ಮಗಳ ಹೊಟ್ಟೆ ಉಬ್ಬಿದ್ದು ನೋಡಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಮಾತು. ಅಕ್ಕನಿಗೆ ಸಿಗದ ಕೂಸು ಇವಳಿಗೆ ಸಿಕ್ಕಿದೆ, ಯಾವ ಔಷಧಕ್ಕೂ ಬಿಟ್ಟುಕೊಡಬಾರದು ಎಂದು.

ಮೂರು ವಾರ ಫೋನಿನಲ್ಲಿ "ಛಲೋ ಅದೀನಿ ಅಮ್ಮಾ" ಎಂದಳು. ನಾಲ್ಕನೆಯ ವಾರ ದನಿ ಸಣ್ಣದಾಯಿತು. ಆರನೆಯ ವಾರ ಬೆಳಿಗ್ಗೆ ಅಳಿಯನ ಫೋನು. "ಅಮ್ಮಾರ, ಹೊಟ್ಟಿನೋವು ಭಾಳ ಆಗೇತ್ರಿ. ಸಂಡಾಸಿನಾಗ ರಕ್ತ ಹೋಗಾಕತ್ತೈತಿ. ಕೊಪ್ಪಳಕ್ಕ ಹೊಂಟೀವಿ. ಯಾಕ ಹಿಂಗಾತು ತಿಳಿಯವಲ್ದು."

ನನಗೆ ತಿಳಿದಿತ್ತು. ಗುಳಿಗೆಗಳು ಆರು ವಾರವೂ ಸಂಚಿಯಲ್ಲೇ ಇದ್ದವು. ಎಸೆಯಲು ಯಾಕೋ ಮನಸ್ಸಾಗಿರಲಿಲ್ಲ. ಸಂಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಸಿಕ್ಕ ಬಸ್ಸು ಹತ್ತಿದೆ. ಒಂದೂವರೆ ತಾಸಿನ ದಾರಿಯಲ್ಲಿ ಎಲೆ ಹಾಕಿಕೊಳ್ಳಲಿಲ್ಲ.

ಕೊಪ್ಪಳದ ಡಾಕ್ಟರಮ್ಮ ಸ್ಕ್ಯಾನ್ ನೋಡುತ್ತಿದ್ದರು. ಕೂಸಿನ ಎದೆಬಡಿತ ಇತ್ತು, ಆದರೆ ತಿಂಗಳಿಗೆ ತಕ್ಕಷ್ಟು ಬೆಳೆದಿರಲಿಲ್ಲ. ತಾಯಿಯ ತೂಕ ಏರುವ ಬದಲು ಇಳಿದಿತ್ತು. ಮೊಮ್ಮಗಳು ಮಂಚದ ಮೇಲೆ ಮಡಚಿಕೊಂಡು ಮಲಗಿದ್ದಳು. ಬೀಗತಿ, ಅಳಿಯ ಗೋಡೆಗೆ ಒರಗಿ ನಿಂತಿದ್ದರು.

"ಗುಳಿಗಿ ತಪ್ಪಿಸೀಯೇನವ್ವಾ?" ಡಾಕ್ಟರಮ್ಮ ಕೇಳಿದರು.

ಅವಳು ನನ್ನ ಕಡೆ ನೋಡಲೂ ಇಲ್ಲ. "ಒಮ್ಮೊಮ್ಮೆ ಮರೀತಿದ್ದೆ ರೀ," ಎಂದಳು. ಆ ನೋವಿನಲ್ಲೂ ನನ್ನನ್ನು ಬಿಟ್ಟುಕೊಡಲಿಲ್ಲ.

ನಾನು ಸಂಚಿ ಬಿಚ್ಚಿ ಡಾಕ್ಟರಮ್ಮನ ಮೇಜಿನ ಮೇಲೆ ಬೋರಲು ಹಾಕಿದೆ. ಅಡಿಕೆ ಚೂರು, ಬಾಡಿದ ಎಲೆ, ಅವುಗಳ ನಡುವೆ ಸುಣ್ಣ ಮೆತ್ತಿದ ಗುಳಿಗೆಯ ಹಾಳೆಗಳು. "ಅಕಿ ಮರತಿಲ್ರಿ. ನಾ ತಗೊಂಡು ಹೋಗಿದ್ದೆ. ಕೂಸಿಗೆ ಆಗೂದಿಲ್ಲ ಅಂತ."

ಬೀಗತಿ ಮೊದಲು ಗುಳಿಗೆ ನೋಡಿದರು, ಆಮೇಲೆ ನನ್ನನ್ನು. "ನನ್ನ ಮನ್ಯಾಗ ಬಂದು, ನನ್ನ ಕೈಯಾಗಿನ ಹೋಳಿಗಿ ಉಂಡು, ನನ್ನ ಸೊಸಿ ಔಷಧಿ ಕದ್ದಿರಿ?"

"ಹೌದು. ಕದ್ದೆ."

ನಾನು ಜಗಳಕ್ಕೆ ನಿಲ್ಲುತ್ತೇನೆಂದು ಸೆರಗು ಬಿಗಿದಿದ್ದರು ಪಾಪ.

ಡಾಕ್ಟರಮ್ಮ ನನ್ನ ಮೇಲೆ ಕೂಗಲಿಲ್ಲ. ಕೂಗಿದ್ದರೆ ಸಲೀಸಾಗುತ್ತಿತ್ತು. ಕುರ್ಚಿ ತೋರಿಸಿ, ಸಣ್ಣ ಹುಡುಗಿಗೆ ಹೇಳಿದಂತೆ ಹೇಳಿದರು. "ನೋಡಮ್ಮ, ಕೂಸಿಗೆ ಈ ಗುಳಿಗಿಗಿಂತ ಈ ಬ್ಯಾನಿದ ಕಾಟ ಜಾಸ್ತಿ. ಕರುಳು ಉರಿಯಾಕತ್ರ ತಾಯಿಗೆ ಅನ್ನ ಹತ್ತೂದಿಲ್ಲ, ಕೂಸಿಗೆ ಎಲ್ಲಿಂದ ಹೋಗಬೇಕು? ದಿನಾ ತುಂಬೂಕಿನ್ನ ಮೊದ್ಲ ಹೆರಿಗಿ ಆಗಬಹುದು. ಈ ಬ್ಯಾನಿಗೆ ಕೊಡೂ ಗುಳಿಗಿನಾಗ ಬಸುರಾಗೂಕಿನ್ನ ಮೊದ್ಲ ಬಿಡಬೇಕಾದವು ಅದಾವ. ಇದು ಅಂಥಾದ್ದಲ್ಲ. ಯಾವುದು ಬಿಡಬೇಕು, ಯಾವುದು ಹಿಡೀಬೇಕು, ಅದನ್ನ ಕೇಳಾಕ ನಾವು ಅದೀವಿ. ನಿಮಗ ಅನುಮಾನ ಬಂದದ್ದು ತಪ್ಪಲ್ಲ. ಕೇಳದ ನೀವ ತೀರ್ಪು ಕೊಟ್ರಿ, ಅದು ತಪ್ಪು."

ಹದಿನಾಲ್ಕು ದಿನ ಆಸ್ಪತ್ರೆ. ಹುಬ್ಬಳ್ಳಿಯ ಡಾಕ್ಟರನ್ನು ಫೋನಿನಲ್ಲಿ ಕೇಳಿ ಕೇಳಿ ಔಷಧ ಕೊಟ್ಟರು, ಗ್ಲೂಕೋಸು, ರಕ್ತ ಏರಿಸಿದರು. ಹಳದಿ ಗುಳಿಗೆ ಮತ್ತೆ ಶುರು. ಆರು ವಾರದಲ್ಲಿ ನಾನು ಕೆಡಿಸಿದ್ದು ಎರಡು ದಿನದಲ್ಲಿ ಸರಿಹೋಗುತ್ತದೆಯೇ? ದಿನಾ ಬೆಳಿಗ್ಗೆ ನರ್ಸು ಬಂದು ಹೊಟ್ಟೆಯ ಮೇಲೆ ಡಬ್ಬಿಯಿಟ್ಟು ಎದೆಬಡಿತ ಕೇಳಿಸುತ್ತಿದ್ದಳು, ಕುದುರೆ ಓಡಿದ ಹಾಗೆ. ಅದು ಕೇಳಿಸುವತನಕ ನಾನೂ ಬೀಗತಿಯೂ ಮಂಚದ ಎರಡು ಪಕ್ಕ ಉಸಿರು ಹಿಡಿದು ಕೂರುತ್ತಿದ್ದೆವು. ಐದು ದಿನ ಅವರು ನನ್ನ ಜತೆ ಮಾತಾಡಲಿಲ್ಲ. ಆರನೆಯ ದಿನ ನಾನು ಮಾಡಿದ ಗಂಜಿಯ ಡಬ್ಬಿ ತೆರೆದು ಮೂಸಿ ನೋಡಿ, "ಉಪ್ಪ ಹಾಕೀರೋ, ಅದನ್ನೂ ಸಂಚ್ಯಾಗ ಇಟ್ಕೊಂಡೀರೋ?" ಎಂದರು. ಮೊಮ್ಮಗಳು ಎಷ್ಟೋ ದಿನದ ಮೇಲೆ ನಕ್ಕಳು, ನಕ್ಕು ಹೊಟ್ಟೆ ಹಿಡಿದುಕೊಂಡಳು. ನಾನೂ ನಕ್ಕೆ. ಕಳ್ಳಿಗೆ ಅಷ್ಟಾದರೂ ಶಿಕ್ಷೆ ಬೇಕಲ್ಲ.

ರಕ್ತ ನಿಂತಿತು. ಗಂಜಿಯಿಂದ ಮೆತ್ತನೆ ಅನ್ನಕ್ಕೆ ಬಂದಳು. ಮುಂದಿನ ಸ್ಕ್ಯಾನಿನಲ್ಲಿ ಕೂಸು ಬೆಳೆದಿತ್ತು, ಸಣ್ಣದೇ, ಆದರೆ ಬೆಳೆಯುತ್ತಿತ್ತು.

ಏಳನೆಯ ತಿಂಗಳಲ್ಲಿ ಮರಳಿಗೆ ಕರೆತಂದು ದೊಡ್ಡ ಕುಬಸ ಮಾಡಿದೆವು. ನಮ್ಮ ಕುಬಸದಲ್ಲಿ ಓಣಿಯ ಹೆಂಗಸರೆಲ್ಲ ಬುತ್ತಿ ತರುತ್ತಾರೆ, ಎಲ್ಲರ ಬುತ್ತಿಯಿಂದ ಬಸುರಿ ಒಂದೊಂದು ತುತ್ತಾದರೂ ಉಣ್ಣಬೇಕು. ಬಿಟ್ಟರೆ ತಂದವರಿಗೆ ಅವಮಾನ. ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮಡಿಕೆ ಕಾಳು, ಬದನೆಕಾಯಿ ಎಣ್ಣೆಗಾಯಿ, ಹಸಿ ಸೊಪ್ಪಿನ ಪಚಡಿ. ಆಗ ತಾನೇ ಮಾಯುತ್ತಿದ್ದ ಕರುಳಿಗೆ ಅಷ್ಟೂ ಮುಳ್ಳು. ಹಿಂದಿನ ದಿನ ನಾನೇ ಓಣಿಯ ಮನೆ ಮನೆಗೆ ಹೋಗಿ ಕದ ಬಡಿದೆ. "ನಾಳೆ ಬರೂವಾಗ ಮೆತ್ತಂದು ತರ್ರಿ. ಕಾಳು, ಖಾರ, ಶೇಂಗಾ ಬ್ಯಾಡ."

"ಯಮ್ಮಾ, ಕುಬಸಕ್ಕ ಗಂಜಿ ತರಬೇಕೇನು? ಮಂದಿ ಏನಂದಾರು?" ಎಂದಳೊಬ್ಬಳು.

"ಮಂದಿ ಬಂದು ಹಡೀತಾರೇನು? ತರೂದಿದ್ರ ತಾ, ಇಲ್ಲಾಂದ್ರ ಕೈ ಬೀಸಿಕೊಂಡು ಬಾ."

ಇನ್ನೊಬ್ಬಳು ಬಾಗಿಲಲ್ಲೇ ಕಿಸಕ್ಕೆಂದಳು. "ಜನ್ಮೆಲ್ಲಾ ರೊಟ್ಟಿ ರೊಟ್ಟಿ ಅಂತ ನಮ್ಮ ಅನ್ನಕ್ಕ ಮೂಗು ಮುರದಾಕಿ, ಈಗ ಅನ್ನ ಬೇಡಾಕ ಬಂದೀಯಲ್ಲವ್ವಾ!"

"ಬಂದೀನಿ. ಹಾಕ್ತೀಯೋ ಇಲ್ಲೋ ಹೇಳು."

ಎಲ್ಲರೂ ತಂದರು. ಹೆಸರುಬೇಳೆಯ ಹುಗ್ಗಿ, ಶಾವಿಗೆ ಪಾಯಸ, ಇಡ್ಲಿ, ತುಪ್ಪದನ್ನ, ಮೊಸರನ್ನ, ಬೂದುಗುಂಬಳದ ಹಲ್ವಾ. ತಾಟು ಪೂರ್ತಿ ಬಿಳಿ, ಹಳದಿ. ಒಂದು ಕೆಂಪು ಮೆಣಸಿನಕಾಯಿ ಕಾಣಲಿಲ್ಲ. ಕುಬಸದ ತಾಟು ಹಾಗಿದ್ದದ್ದು ನಮ್ಮ ಓಣಿಯಲ್ಲಿ ಯಾರೂ ಕಂಡಿರಲಿಕ್ಕಿಲ್ಲ. ನಾನು ಗಂಡ ಸತ್ತವಳು, ಆರತಿಗೆ ನನ್ನನ್ನು ಕರೆಯುವುದಿಲ್ಲ, ನಾನೂ ಹೋಗುವುದಿಲ್ಲ. ಬಾಗಿಲ ಹತ್ತಿರ ಕೂತಿದ್ದೆ. ಉಡಿ ತುಂಬಿ ಆರತಿ ಎತ್ತಿದ ಮೇಲೆ ಮೊಮ್ಮಗಳು ತಾಟಿಗೆ ಕೈ ಹಾಕದೆ ನನ್ನ ಕಡೆ ತಿರುಗಿದಳು.

"ಅಮ್ಮಾ, ನನ್ನ ಗುಳಿಗಿ?"

ಬೀಗತಿ ಅದನ್ನು ನನ್ನ ಅಂಗೈಗೆ ಹಾಕಿದರು. ನಾನು ಹೋಗಿ ಅವಳ ಬಾಯಿಗೆ ಹಾಕಿ ನೀರು ಕುಡಿಸಿದೆ. ಹೆಂಗಸರ ಮುಂದೆ, ಎಲ್ಲರಿಗೂ ಕಾಣುವ ಹಾಗೆ. ಬಸುರಿಗೆ ಗುಳಿಗೆ ಯಾಕೆ ಎಂದು ಒಬ್ಬಳು ಬಾಯಿ ತೆರೆದಳು. ನಾನು ನೋಡಿದ ನೋಟಕ್ಕೆ ಮುಚ್ಚಿದಳು. ಆಮೇಲೆ ಮೊಮ್ಮಗಳು ಎಲ್ಲರ ಬುತ್ತಿಯಿಂದ ಒಂದೊಂದು ತುತ್ತು ಉಂಡಳು. ಇಡ್ಲಿ ಎರಡನ್ನು ಕೇಳಿ ಹಾಕಿಸಿಕೊಂಡಳು.

ಹಳೆಯ ಕುರುವಿನ ಜಾಗ ಹರಿಯಬಾರದೆಂದು ಹೊಟ್ಟೆ ಕೊಯ್ದೇ ಹೆರಿಗೆ ಮಾಡಿಸಿದರು, ಎರಡು ವಾರ ಮುಂಚಿತವಾಗಿ. ಹೆಣ್ಣು ಕೂಸು. ಹಿಡಿಯಷ್ಟು ಮೈ, ಮನೆ ತುಂಬ ದನಿ. ಡಾಕ್ಟರಮ್ಮ ನೋಡಲು ಬಂದಾಗ ಕೂಸು ಹಾಲು ಕುಡಿಯುತ್ತಿತ್ತು. ನನಗೆ ಅದೇ ಹಳೆಯ ಅನುಮಾನ ಬಂತು. ಗುಳಿಗೆ ಹಾಲಿಗೆ ಬರುವುದಿಲ್ಲವೇ? ಈ ಸಲ ಎದ್ದು ನಿಂತು ಕೇಳಿದೆ.

"ಡಾಕ್ಟರಮ್ಮ, ಹಾಲು ಕುಡಿಸೂವಾಗ ಆ ಹಳದಿ ಗುಳಿಗಿ ಇರಲ್ರೀ, ಬ್ಯಾಡ್ರೀ?"

"ಇರಲಿ ಅಮ್ಮ. ನಡೀತೈತಿ," ಎಂದರು. ಅಷ್ಟೇ. ಉಸಿರು ಬಿಡುವಷ್ಟು ಹೊತ್ತು ಹಿಡಿಯಲಿಲ್ಲ. ಕಳ್ಳ ಕುಬಸದ ದಿನವೂ ಇಷ್ಟೇ ಹೊತ್ತು ಹಿಡಿಯುತ್ತಿತ್ತು.

ಬ್ಯಾನಿ ಈಗ ಮಲಗಿದೆ. ಏಳಬಹುದು, ಎದ್ದರೆ ಎಲ್ಲಿಗೆ ಹೋಗಬೇಕು ಎಂಬುದು ಗೊತ್ತಿದೆ. ಮೊಮ್ಮಗಳು ಮತ್ತೆ ಓದಲು ಕೂತಿದ್ದಾಳೆ, ಟೀಚರ್ ಪರೀಕ್ಷೆ ಕಟ್ಟಿದ್ದಾಳೆ. ಅವಳು ಮರಳಿಗೆ ಬಂದಾಗ ನಮ್ಮ ಓಣಿಯ ಹೆಂಗಸರು ಒಬ್ಬೊಬ್ಬರೇ ಬಂದು ಅವಳ ಕಿವಿಯಲ್ಲಿ ಏನೇನೋ ಕೇಳಿ ಹೋಗುತ್ತಾರೆ. ಯಾವ ಜಾಗದ ನೋವೋ, ಯಾವಾಗಿನಿಂದ ಮುಚ್ಚಿಟ್ಟದ್ದೋ. ನನ್ನನ್ನು ಕೇಳುವುದಿಲ್ಲ, ಬೈಯುತ್ತೇನೆಂದು. ಸರಿಯೇ.

ಕೂಸಿಗೆ ಈಗ ಅಂಬೆಗಾಲು. ಬಂದವಳೇ ನನ್ನ ಸೊಂಟಕ್ಕೆ ಜೋತುಬಿದ್ದು ಸಂಚಿಯ ದಾರ ಜಗ್ಗುತ್ತಾಳೆ. ಜಗ್ಗಲಿ. ಒಳಗೆ ಎಲೆ, ಅಡಿಕೆ, ಸುಣ್ಣ ಬಿಟ್ಟರೆ ಏನೂ ಇಲ್ಲ. ಗುಳಿಗೆಗಳು ಅವಳ ಅವ್ವನ ಕಪಾಟಿನಲ್ಲಿವೆ, ಮೇಲಿನ ಅರೆಯಲ್ಲಿ. ಕೂಸಿನ ಕೈಗೂ ಎಟುಕುವುದಿಲ್ಲ, ನನ್ನ ಕೈಗೂ ಎಟುಕುವುದಿಲ್ಲ.